ಮ್ಯಾಟ್ ಕೆಳಗೆ ಸಿಕ್ಕವನು

ನಮ್ಮ ಫ್ರೇಮ್ ಅಂಗಡಿಗೂ ಪಕ್ಕದ ಸೈನ್ಯ ಭರ್ತಿ ಕಚೇರಿಗೂ ನಡುವೆ ಇರುವುದು ಒಂದೇ ಗೋಡೆ. ಬೆಳಿಗ್ಗೆ ಹತ್ತು ಗಂಟೆಗೆ ಗೋಡೆಯ ಆಚೆ ಯಾರೋ ನೆಲಕ್ಕೆ ಕೈಯೂರಿ ದಂಡ ಹೊಡೆಯುತ್ತ ಗಟ್ಟಿಯಾಗಿ ಎಣಿಸುತ್ತಾರೆ. ಈಚೆ ನಾನು ಅದೇ ಎಣಿಕೆಗೆ ಫ್ರೇಮಿನ ಹಿಂಬದಿಗೆ ಮೊಳೆ ಹೊಡೆಯುತ್ತೇನೆ. ಅವರು ಇಪ್ಪತ್ತಕ್ಕೆ ನಿಲ್ಲಿಸಿದರೆ ನನಗೂ ಸ್ವಲ್ಪ ಬಿಡುವು.

ಅಂಗಡಿ ಶೇಷಾದ್ರಿ ಅಂಕಲ್ ಅವರದು. ಮೈಸೂರಿನಿಂದ ಅಮೆರಿಕಕ್ಕೆ ಬಂದವರು. ಡಿಯರ್‌ಬಾರ್ನ್‌ನಲ್ಲಿ ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಕಾರಿನ ಬಾಗಿಲ ಕೀಲುಗಳ ಮೇಲೆ ಕೆಲಸ ಮಾಡಿ ರಿಟೈರ್ ಆದರು. ನಲವತ್ತು ದಿನ ಮನೆಯಲ್ಲಿ ಕೂತರು. ನಲವತ್ತೊಂದನೆಯ ದಿನ ಸೌತ್‌ಫೀಲ್ಡಿನ ಈ ಅಂಗಡಿ ಮಾರಾಟಕ್ಕಿದೆ ಎಂದು ಅವರ ಹೆಂಡತಿಯೇ ಹುಡುಕಿ ತೋರಿಸಿದರಂತೆ.

ನನ್ನನ್ನು ಅವರು ಕೆಲಸಕ್ಕೆ ತೆಗೆದುಕೊಂಡದ್ದು ದೇವಸ್ಥಾನದ ಅಡುಗೆಮನೆಯಿಂದ. ನಮ್ಮ ಅಪ್ಪ ಅಲ್ಲಿ ಅಡುಗೆಯವರು. ಹನ್ನೊಂದನೇ ತರಗತಿಗೆ ನಾಲ್ಕು ತಿಂಗಳು ಹೋಗಿ, ಪ್ರತಿ ಬುಧವಾರ ಎದ್ದು ನಿಂತು ಐದು ನಿಮಿಷ ಮಾತಾಡಬೇಕು ಎಂದಾಗ ನಾನು ಶಾಲೆ ಬಿಟ್ಟೆ. ಆಮೇಲೆ ಅಪ್ಪನ ಜೊತೆ ತರಕಾರಿ ಹೆಚ್ಚುತ್ತಿದ್ದೆ. ಒಂದು ದಿನ ಅಂಕಲ್ ಬಂದು ನಾನು ಹೆಚ್ಚಿದ ಬೀನ್ಸ್‌ನಲ್ಲಿ ಹತ್ತು ತುಂಡು ಆರಿಸಿ ಸಾಲಾಗಿ ಇಟ್ಟು ನೋಡಿದರು. "ಸ್ಕೇಲ್ ಇಟ್ಕೊಂಡು ಹೆಚ್ತೀಯೇನಮ್ಮಾ?" ಎಂದರು. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಸೋಮವಾರದಿಂದ ಅಂಗಡಿಗೆ ಬಾ ಎಂದರು. ಗಿರಾಕಿಗಳ ಜೊತೆ ಮಾತು ಅವರದು, ಕತ್ತರಿಸುವುದು ನನ್ನದು. ನಾಲ್ಕು ವರ್ಷದಿಂದ ಹೀಗೇ ನಡೆದಿದೆ.

ಮಾರ್ಚ್ ತಿಂಗಳ ಒಂದು ಮಂಗಳವಾರ ಡಾಕ್ಟರ್ ಶರಣಪ್ಪ ಬಂದರು. ಹೃದಯದ ಡಾಕ್ಟರು, ಬಾಗಲಕೋಟೆ ಕಡೆಯವರು. ನಮ್ಮ ಊರಿಂದ ಅವರ ಊರಿಗೆ ಇಪ್ಪತ್ತು ಮೈಲಿಯೂ ಇಲ್ಲ. ಕಂಕುಳಲ್ಲಿ ಟವೆಲ್ ಸುತ್ತಿದ ಒಂದು ಫ್ರೇಮ್ ಇತ್ತು. ಅದನ್ನು ಕೌಂಟರ್ ಮೇಲಿಟ್ಟು, ಟವೆಲ್ ಬಿಚ್ಚುವ ಮೊದಲೇ, "ಶೇಷಾದ್ರಿಯವರ, ಇದು ಶುಕ್ರವಾರದೊಳಗ ಆಗಬೇಕು" ಎಂದರು.

"ಏನಿದು ಡಾಕ್ಟ್ರೇ?"

"ಔಷಧ."

ಟವೆಲಿನೊಳಗೆ ಹಳೆಯ ಅಚ್ಚಿನ ಚಿತ್ರ. ಗಾಜು ಒಂದು ಮೂಲೆಯಿಂದ ಇನ್ನೊಂದಕ್ಕೆ ಸೀಳಿತ್ತು. ಡಾಕ್ಟರು ಚಿಕಾಗೋದಲ್ಲಿ ಕಾನ್ಫರೆನ್ಸ್ ಇದ್ದಾಗ ಅಲ್ಲೇ ಪಕ್ಕದ ಊರು ಸ್ಕೋಕಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಇದನ್ನು ಕಂಡು ಕೊಂಡರಂತೆ. ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬರುವಾಗ ಡಿಕ್ಕಿಯಲ್ಲಿ ಒಡೆದಿದೆ.

ಲಂಡನ್ನಿನ ಚಿತ್ರ. ಇನ್ನೂರ ನಲವತ್ತು ವರ್ಷ ಹಳೆಯದು ಎಂದು ಹಿಂದೆ ಚೀಟಿ ಅಂಟಿಸಿದ್ದರು. ಆಗ ಅಲ್ಲಿ ಇಂಥ ಚಿತ್ರಗಳನ್ನು ಅಚ್ಚು ಹಾಕಿ, ಕೈಯಿಂದ ಬಣ್ಣ ಹಚ್ಚಿ, ಅಂಗಡಿಯ ಕಿಟಕಿಗೆ ತೂಗುಹಾಕುತ್ತಿದ್ದರು; ಜನ ಹೊರಗೆ ನಿಂತು ನೋಡಿ ನಗುತ್ತಿದ್ದರು ಎಂದು ಅಂಕಲ್ ಆಮೇಲೆ ಹೇಳಿದರು. ಚಿತ್ರದ ನಡುವೆ ಕೆಂಪು ಕೋಟಿನ ಸಾರ್ಜೆಂಟ್. ಟೋಪಿ ತುಂಬ ರಿಬ್ಬನ್ನು. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ. ಅವನ ಹಿಂದೆ ಹೊಸದಾಗಿ ಭರ್ತಿಯಾದ ಮೂವರು ನಿಂತಿದ್ದಾರೆ. ಒಬ್ಬನ ಕಾಲು ಕುಂಟು. ಒಬ್ಬ ಕೋಲಿನಷ್ಟು ತೆಳ್ಳಗೆ, ನಿಜವಾಗಿ ಕೋಲಿಗೇ ಆನಿಸಿ ಅವನ ಎತ್ತರ ಅಳೆಯುತ್ತಿದ್ದಾರೆ. ಮೂರನೆಯವನ ಬಾಯಿಗೆ ಇಬ್ಬರು ಬೆರಳು ಹಾಕಿ ಹಲ್ಲು ಎಣಿಸುತ್ತಿದ್ದಾರೆ. ಸಾರ್ಜೆಂಟ್ ಒಬ್ಬ ಹುಡುಗನ ಎಡಗೈ ಹಿಡಿದು ಎಳೆಯುತ್ತಿದ್ದಾನೆ. ಹುಡುಗ ಚಿತ್ರದ ಎಡ ಅಂಚಿನ ಕಡೆಗೆ ಪೂರ್ತಿ ವಾಲಿದ್ದಾನೆ.

"ಈ ಹುಡುಗನ್ನ ನೋಡ್ರಿ" ಎಂದರು ಡಾಕ್ಟರು. "ಕುಡಿಸ್ಯಾರ. ಹೆಂಗ ವಾಲ್ಯಾನ ನೋಡ್ರಿ. ನಿಲ್ಲಾಕ ಬರವಲ್ದು ಅವಂಗ. ಕುಡಿಸಿ, ಕೈಯಾಗ ಒಂದು ರೊಕ್ಕ ಇಟ್ಟು, ಎಳಕೊಂಡು ಹೊಂಟಾರ. ಹಿಂಗ ನಡದಿತ್ತು ಇವರ ಭರ್ತಿ. ಆಗೂ ಇಷ್ಟ, ಈಗೂ ಇಷ್ಟ."

ಗೋಡೆಯ ಆಚೆಯಿಂದ "ಹದಿನೇಳು, ಹದಿನೆಂಟು" ಎಂದು ಇಂಗ್ಲಿಷಿನಲ್ಲಿ ಕೇಳಿಸಿತು. ಡಾಕ್ಟರು ಆ ಗೋಡೆಯನ್ನು ನೋಡಿದರು.

ಅವರ ಒಬ್ಬಳೇ ಮಗಳು ಅಕ್ಷರಾ. ಹತ್ತೊಂಬತ್ತು ವರ್ಷ. ಡಾಕ್ಟರ್ ಆಗಬೇಕೆಂದು ಕಾಲೇಜಿಗೆ ಸೇರಿದ್ದಳು. ಡಿಸೆಂಬರಿನಲ್ಲಿ ಬಿಟ್ಟಳು. ಫೆಬ್ರವರಿಯಲ್ಲಿ ನಮ್ಮ ಪಕ್ಕದ ಕಚೇರಿಗೆ ಬಂದು ನಾಲ್ಕು ವರ್ಷಕ್ಕೆ ಸಹಿ ಮಾಡಿದಳು. ಬಂದೂಕಿನ ಕೆಲಸವಲ್ಲ; ಸೈನ್ಯದ ಲಾರಿಗಳನ್ನು ರಿಪೇರಿ ಮಾಡುವ ಕೆಲಸ. ಬರುವ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಈ ಪಾರ್ಕಿಂಗ್‌ನಿಂದಲೇ ವ್ಯಾನ್ ಹೊರಡುತ್ತದೆ. ಇವೆಲ್ಲ ಇಲ್ಲಿಯ ಕನ್ನಡದವರಿಗೆ ಮೊದಲೇ ಗೊತ್ತಿತ್ತು. ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತರೆ ಸಾಕು, ಎಲ್ಲ ಗೊತ್ತಾಗುತ್ತದೆ.

"ಲಾರಿ ರಿಪೇರಿ" ಎಂದರು ಡಾಕ್ಟರು. "ನಮ್ಮೂರ ಬಸ್‌ಸ್ಟ್ಯಾಂಡ್ ಹಿಂದ ಹನ್ನೆರಡು ಗ್ಯಾರೇಜ್ ಅದಾವ. ಅದಕ್ಕ ಅಮೆರಿಕಾಕ್ಕ ಬರಬೇಕಿತ್ತನ ನಾನು?"

"ಸೈನ್ ಮಾಡಿ ಆಗಿದೆ ಅಲ್ವಾ ಡಾಕ್ಟ್ರೇ?"

"ವ್ಯಾನ್ ಹತ್ತೋತನಕ ಬ್ಯಾಡ ಅನ್ನಬಹುದಂತ. ಕೇಳೀನಿ."

"ಯಾರನ್ನ ಕೇಳಿದ್ರಿ?"

"ಪಕ್ಕದಾಗ ಆ ಸಾರ್ಜೆಂಟಮ್ಮನ್ನ. ಸುಳ್ಳು ಹೇಳ್ತಾಳ ಅಂತ ಹೋಗಿದ್ದೆ. ಖರೇನ ಹೇಳಿಬಿಟ್ಲು." ಅವರಿಗೆ ಅದು ಹಿಡಿಸಿದಂತೆ ಕಾಣಲಿಲ್ಲ. "ನಾ ಮಾತು ಬಿಟ್ಟು ಇವತ್ತಿಗೆ ಇಪ್ಪತ್ಮೂರು ದಿನ. ನಾ ಒಂದು ಶಬ್ದ ಆಡಂಗಿಲ್ಲ. ಇದನ್ನ ಮೆಟ್ಟಿಲ ಮುಂದ ತೂಗು ಹಾಕ್ತೀನಿ. ದಿನಾ ಇಳಿಯೂ ಮುಂದ ನೋಡ್ತಾಳ. ಇದ ಮಾತಾಡ್ತೈತಿ."

ಅಂಕಲ್ ರಸೀದಿ ಬರೆದರು. ಡಾಕ್ಟರು ಹೋದ ಮೇಲೆ ಚಿತ್ರವನ್ನು ನನ್ನ ಮೇಜಿಗೆ ತಂದಿಟ್ಟು, "ಬಿಚ್ಚಮ್ಮ" ಎಂದರು.

ಮ್ಯಾಟ್ ಎಂದರೆ ಚಿತ್ರಕ್ಕೂ ಗಾಜಿಗೂ ನಡುವೆ ಇಡುವ ದಪ್ಪ ರಟ್ಟು. ನಡುವೆ ಕಿಟಕಿಯ ಹಾಗೆ ಕತ್ತರಿಸಿರುತ್ತೇವೆ. ಆ ಕಿಟಕಿಯಿಂದ ಚಿತ್ರ ಕಾಣುತ್ತದೆ. ಅಚ್ಚಿನ ಚಿತ್ರವಾದರೆ ಕಿಟಕಿ ಎಷ್ಟು ದೊಡ್ಡದಿರಬೇಕು ಎಂಬುದನ್ನು ಕಾಗದವೇ ಹೇಳುತ್ತದೆ. ತಾಮ್ರದ ಫಲಕವನ್ನು ಒತ್ತಿದಾಗ ಅದರ ನಾಲ್ಕು ಅಂಚು ಕಾಗದದಲ್ಲಿ ತಗ್ಗಾಗಿ ಕೂತಿರುತ್ತದೆ. ಬೆರಳಾಡಿಸಿದರೆ ಸಿಗುತ್ತದೆ. ಆ ತಗ್ಗಿನ ಹೊರಗೇ ಕಿಟಕಿ ಬರಬೇಕು. ನಮ್ಮ ಗೋಡೆಯ ಮೇಲೆ ಅಂಕಲ್ ಮೂರು ಸಾಲು ಬರೆದು ಫ್ರೇಮ್ ಮಾಡಿ ಹಾಕಿದ್ದಾರೆ: ಚಿತ್ರವನ್ನು ಕತ್ತರಿಸಬಾರದು. ಚಿತ್ರವನ್ನು ಅಂಟಿಸಬಾರದು. ಚಿತ್ರವನ್ನು ಮುಚ್ಚಬಾರದು.

ನಾನು ಒಡೆದ ಗಾಜು ತೆಗೆದೆ. ಹಳೆಯ ಮ್ಯಾಟ್ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಎತ್ತಿದಾಗ ಚಿತ್ರ ಇನ್ನೂ ಮೂರು ಇಂಚು ಅಗಲವಾಯಿತು.

ಎಡಗಡೆ ಇನ್ನೊಬ್ಬ ಮನುಷ್ಯನಿದ್ದ. ಅವನಿಗೂ ಹೊಟ್ಟೆ ಒಂದು ಹೆಜ್ಜೆ ಮುಂದೆ. ತಲೆಗೆ ಬಿಳಿ ಕೂದಲಿನ ಟೋಪನ್, ಸೊಂಟಕ್ಕೆ ಏಪ್ರನ್. ಹಿಂದೆ ಬಾಗಿಲು ತೆರೆದ ಅಂಗಡಿ, ಒಳಗೆ ಕಪಾಟಿನ ತುಂಬ ಸೀಸೆ. ಒಂದು ಕಂಕುಳಲ್ಲಿ ದೊಡ್ಡ ಪಿಚಕಾರಿ. ಇನ್ನೊಂದು ಕೈಯಲ್ಲಿ ಹುಡುಗನ ಬಲಗೈಯನ್ನು ಹಿಡಿದು, ಹಿಮ್ಮಡಿ ಊರಿ ಎಳೆಯುತ್ತಿದ್ದಾನೆ. ಮೂಗು ಹುಡುಗನ ಮೂಗಿನ ಹಾಗೇ ಇದೆ. ಬಣ್ಣ ಹೊಸದಿದ್ದ ಹಾಗೇ ಇತ್ತು; ನೂರು ವರ್ಷವೋ ಎಷ್ಟೋ ಬಿಸಿಲು ಬಿದ್ದಿರಲಿಲ್ಲ.

ಹಳೆಯ ರಟ್ಟಿನಲ್ಲಿ ಆಸಿಡ್ ಇರುತ್ತದೆ. ಕಿಟಕಿಯ ಅಂಚು ಎಲ್ಲಿ ಕೂತಿರುತ್ತದೋ ಅಲ್ಲಿ ಕಾಗದ ಸುಟ್ಟ ಹಾಗೆ ಕಂದು ಗೆರೆ ಬೀಳುತ್ತದೆ. ಆ ಗೆರೆ ಸರಿಯಾಗಿ ಹುಡುಗನ ಮಣಿಕಟ್ಟಿನ ಮೇಲೆ ಹಾದುಹೋಗಿತ್ತು.

ನಾನು ಮ್ಯಾಟನ್ನು ಮತ್ತೆ ಮೇಲಿಟ್ಟು ನೋಡಿದೆ. ಹುಡುಗ ಕುಡಿದಿದ್ದ. ತೆಗೆದು ನೋಡಿದೆ. ಕುಡಿದಿರಲಿಲ್ಲ. ಅವನು ಇಬ್ಬರಲ್ಲಿ ಯಾರ ಕಡೆಗೂ ನೋಡುತ್ತಿರಲಿಲ್ಲ. ನೆಟ್ಟಗೆ ಮುಂದೆ, ನನ್ನ ಕಡೆಗೆ ನೋಡುತ್ತಿದ್ದ. ಕೆಳಗೆ ಮುಚ್ಚಿಹೋಗಿದ್ದ ಜಾಗದಲ್ಲಿ ಚಿತ್ರದ ಹೆಸರಿತ್ತು. ಅಂಕಲ್ ಕನ್ನಡಕ ಏರಿಸಿ ಓದಿದರು.

"'ಸ್ವಂತ ಇಚ್ಛೆಯಿಂದ ಸೇರಿದವನು.' ಚೆನ್ನಾಗಿದೆ" ಎಂದು ಕನ್ನಡಕ ಇಳಿಸಿ, "ಡಾಕ್ಟ್ರಿಗೆ ಫೋನ್ ಮಾಡ್ಬೇಕು. ನಾಳೆ ಮಾಡ್ತೀನಿ" ಎಂದರು. ಅಂಕಲ್ ಬೇಡದ ಫೋನುಗಳನ್ನೆಲ್ಲ ನಾಳೆ ಮಾಡುತ್ತಾರೆ.

ಬುಧವಾರ ಅಕ್ಷರಾ ಬಂದಳು. ಪಕ್ಕದಲ್ಲಿ ಕಸರತ್ತು ಮುಗಿಸಿ ನಮ್ಮಲ್ಲಿ ಬಾಟಲಿಗೆ ನೀರು ತುಂಬಿಕೊಳ್ಳುವುದು ಅವಳ ರೂಢಿ. ಅವರ ಕಡೆಯ ನೀರಿಗೆ ಕಾಲುಚೀಲದ ವಾಸನೆಯಂತೆ. ಅವಳಿಗೆ ಮನೆಯ ಕನ್ನಡ ಬರುತ್ತದೆ. ಬೇರೆ ಯಾರ ಜೊತೆಗೂ ಅದನ್ನು ಆಡುವುದಿಲ್ಲ. ನನ್ನ ಜೊತೆ ಆಡುತ್ತಾಳೆ, ಬಹುಶಃ ನಾನು ಹೆಚ್ಚು ಉತ್ತರ ಕೊಡುವುದಿಲ್ಲವಾದ್ದರಿಂದ.

"ನೀಲಾ, ನಿನ್ನೆ ಅಪ್ಪನ ಕಾರ್ ಇಲ್ಲಿತ್ತು. ಐ ಸಾ ಇಟ್. ಯಾಕ ಬಂದಿದ್ರು?"

ಚಿತ್ರ ನನ್ನ ಮೇಜಿನ ಮೇಲೇ ಇತ್ತು, ತೆಳ್ಳನೆಯ ಕಾಗದ ಹೊದಿಸಿದ್ದೆ. ಒಬ್ಬ ಗಿರಾಕಿಯ ಚಿತ್ರವನ್ನು ಇನ್ನೊಬ್ಬರಿಗೆ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ.

"ಒಂದು ಚಿತ್ರ ಕೊಟ್ಟಾರ. ಶುಕ್ರವಾರ ಒಯ್ತಾರ" ಎಂದೆ.

"ಅಪ್ಪ? ಚಿತ್ರ?" ಅವಳು ನೀರು ಕುಡಿಯುವುದನ್ನು ನಿಲ್ಲಿಸಿದಳು. "ನಮ್ಮ ಮನಿ ಗ್ವಾಡಿ ಮ್ಯಾಲ ಏನೈತಿ ಗೊತ್ತಾ? ಬಸವಣ್ಣನ ಫೋಟೊ, ಆಮೇಲೆ ಹಾರ್ಟ್ ಕಟ್ ಮಾಡಿ ತೋರಿಸೋ ಒಂದು ಚಾರ್ಟ್. ಅಷ್ಟ. ನನ್ನ ಬಗ್ಗೆ ಏನರ ಅಂದ್ರಾ?"

ನಾನು ಸ್ಕೇಲನ್ನು ಎತ್ತಿ ಬೇರೆ ಕಡೆ ಇಟ್ಟೆ. ಅವಳು ಅದನ್ನೇ ಉತ್ತರವೆಂದು ತೆಗೆದುಕೊಂಡಳು.

"ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಅಂತೀನಿ. ಫ್ರಿಜ್ ಕಡೆ ನೋಡ್ತಾರ. ಮೊನ್ನೆ ಅಮ್ಮಗ ಅಂತಾರ, 'ಆಕೀ ಕಾರಿನ ಟೈರ್‌ನಾಗ ಗಾಳಿ ಕಡಿಮಿ ಐತಿ, ಹೇಳು.' ನಾ ಅಲ್ಲೇ ನಿಂತೀನಿ. ಎರಡು ಫೀಟ್ ದೂರ. ಅಮ್ಮ ನನ್ನ ಕಡೆ ತಿರುಗಿ ಎಲ್ಲಾ ಮತ್ತ ಹೇಳಿದ್ಲು." ಅವಳು ಬಾಟಲಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಟ್ರೇನಿಂಗ್‌ಗೆ ನಂಗ ಅಂಜಿಕಿ ಇಲ್ಲ. ಆದ್ರ ಅಲ್ಲಿ ಹತ್ತು ವಾರ ಫೋನ್ ಇರಂಗಿಲ್ಲ. ಸೋಮವಾರತನಕ ಅವರು ಮಾತಾಡಲಿಲ್ಲ ಅಂದ್ರ ಫ್ರಿಜ್‌ಗೇ ಬೈ ಹೇಳಿ ಹೋಗ್ಬೇಕು. ಅಷ್ಟ ನನಗ ಅಂಜಿಕಿ."

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಸುಮ್ನ ಬೈದ್ರೂ ಸಾಕು, ಗೊತ್ತಾ?"

ಗುರುವಾರ ಅಂಕಲ್ ಫೋನ್ ಮಾಡಿದರು. ಡಾಕ್ಟರು ಊಟದ ಹೊತ್ತಿಗೆ ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಬಂದರು. ನಾನು ಕಾಗದ ಸರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಇವನ್ಯಾರು?"

"ಮ್ಯಾಟ್ ಕೆಳಗೆ ಇದ್ದ ಡಾಕ್ಟ್ರೇ" ಎಂದರು ಅಂಕಲ್. "ಹುಡುಗನ ತಂದೆ ಅನ್ಸತ್ತೆ. ಆಗಿನ ಕಾಲದ ಔಷಧಿ ಅಂಗಡಿಯವನು. ಮಗ ತನ್ನ ಕಸುಬೇ ಮಾಡ್ಲಿ ಅಂತ ಇವನು ಎಳೀತಿದಾನೆ. ಈ ಕಂಕುಳಲ್ಲಿರೋದು ಏನು ಅಂತ ನಂಗೆ ಗೊತ್ತಾಗ್ಲಿಲ್ಲ."

ಡಾಕ್ಟರು ಬಗ್ಗಿ ನೋಡಿದರು. ಅವರಿಗೆ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು.

"ಎನಿಮಾ ಕೊಡೂ ಪಿಚಕಾರಿ" ಎಂದರು.

"ಇಷ್ಟು ದೊಡ್ಡದಾ?"

"ಇಷ್ಟು ದೊಡ್ಡದಿರಲಿಲ್ಲ. ಚ್ಯಾಷ್ಟಿ ಮಾಡಾಕ ದೊಡ್ಡದು ಮಾಡ್ಯಾನ." ಅವರು ನೆಟ್ಟಗೆ ನಿಂತರು. ಕೈ ಹೊಟ್ಟೆಯ ಮೇಲೆ ಹೋಯಿತು, ಅದನ್ನು ಕೆಳಗಿಳಿಸಿದರು. "ಮುಚ್ಚಿಬಿಡ್ರಿ ಇವನ್ನ. ಹಳೇ ಫ್ರೇಮ್ ಮಾಡಿದಾವ ಶ್ಯಾಣ್ಯಾ ಇದ್ದ. ಮೊದಲ ಹೆಂಗಿತ್ತೋ ಹಂಗ ಮಾಡ್ರಿ. ನಾಳೆ ಐದಕ್ಕ ಬರ್ತೀನಿ."

"ಹೆಸರೂ ಮುಚ್ಚೋಗತ್ತೆ ಡಾಕ್ಟ್ರೇ."

"ಹೆಸರು ಯಾರಿಗೆ ಬೇಕಾಗೇತಿ?"

ಅವರ ಕಾರು ಹೋದ ಮೇಲೆ ನಾನು ಗೋಡೆಯ ಮೇಲಿನ ಮೂರನೆಯ ಸಾಲನ್ನು ನೋಡಿದೆ. ಅಂಕಲ್ ನಾನು ನೋಡುವುದನ್ನು ನೋಡಿದರು.

"ಗೊತ್ತು ಕಣಮ್ಮ. ನಾನೇ ಬರ್ದಿರೋದು. ಆದ್ರೆ ನನ್ನ ಎದೆಯೊಳಗೆ ಅವರು ಹಾಕಿರೋ ಸ್ಟೆಂಟ್ ಎರಡಿದೆ. ಮ್ಯಾಟ್ ವಿಷಯಕ್ಕೆ ಅವರ ಹತ್ರ ಜಗಳ ಆಡೋ ಸ್ಥಿತಿಯಲ್ಲಿ ನಾನಿಲ್ಲ."

ಶುಕ್ರವಾರ ಮಧ್ಯಾಹ್ನ ನಾನು ರಟ್ಟು ತೆಗೆದೆ. ಹಳೆಯ ಕಾಗದಕ್ಕೆ ಹೊಂದುವ ಕೆನೆಬಣ್ಣದ್ದು ಒಂದೇ ಹಾಳೆ ಉಳಿದಿತ್ತು. ಹೊಸದು ಬರುವುದು ಬುಧವಾರ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಮೊದಲು ಡಾಕ್ಟರು ಹೇಳಿದ ಹಾಗೆ ಹಳೆಯ ಕಿಟಕಿಯ ಅಳತೆಗೆ ಎಳೆದೆ. ಹತ್ತೂವರೆ ಇಂಚು ಅಗಲ. ಆಮೇಲೆ ಅದರ ಹೊರಗೆ ತಾಮ್ರದ ಗುರುತಿನ ಅಳತೆಗೆ ಇನ್ನೊಂದು ಚೌಕ ಎಳೆದೆ. ಎರಡೂ ಗೆರೆ ಒಂದೇ ರಟ್ಟಿನ ಮೇಲೆ ಸ್ವಲ್ಪ ಹೊತ್ತು ಇದ್ದವು.

ಹುಡುಗನ ಬಲಗೈಯ ಬಗ್ಗೆ ಯೋಚಿಸಿದೆ. ಮುಚ್ಚಿದರೆ ಆ ಕೈ ಮಣಿಕಟ್ಟಿನ ಹತ್ತಿರ ರಟ್ಟಿನ ಕೆಳಗೆ ಹೋಗಿ ಕಾಣೆಯಾಗುತ್ತದೆ. ಅವನು ಯಾಕೆ ವಾಲಿದ್ದಾನೆ ಎನ್ನುವುದಕ್ಕೆ ಚಿತ್ರದಲ್ಲಿ ಕಾರಣವೇ ಇರುವುದಿಲ್ಲ. ನೋಡಿದವರೆಲ್ಲ ಕುಡಿದಿದ್ದಾನೆ ಎನ್ನುತ್ತಾರೆ. ಎಷ್ಟೋ ವರ್ಷ ಹಾಗೇ ಅನ್ನಿಸಿಕೊಂಡಿದ್ದಾನೆ.

ಬ್ಲೇಡನ್ನು ಹೊರಗಿನ ಗೆರೆಗೆ ಇಟ್ಟೆ. ಚಿಕ್ಕದಾಗಿ ಕತ್ತರಿಸಿದ ಕಿಟಕಿಯನ್ನು ಆಮೇಲೆ ದೊಡ್ಡದು ಮಾಡಬಹುದು. ದೊಡ್ಡದಾಗಿ ಕತ್ತರಿಸಿದ್ದನ್ನು ಚಿಕ್ಕದು ಮಾಡಲು ಬರುವುದಿಲ್ಲ. ನಾಲ್ಕು ಸಲ ಎಳೆದೆ. ನಡುವಿನ ತುಂಡು ಕೆಳಗೆ ಬಿತ್ತು.

ಅಂಕಲ್ ಬಂದು ನೋಡಿದರು. ತಮ್ಮ ಉಕ್ಕಿನ ಸ್ಕೇಲ್ ತಂದು, ಮಿಲಿಮೀಟರಿನಲ್ಲಿ ನಾಲ್ಕೂ ಕಡೆ ಅಳೆದರು. ಎರಡನೆಯ ಸಲ ಅಳೆದರು.

"ಅಳತೆ ಸರಿಯಾಗಿದೆ" ಎಂದರು. ಆಮೇಲೆ, "ಐದು ಗಂಟೆಗೆ ನಂಗೆ ಬ್ಯಾಂಕಲ್ಲಿ ಕೆಲ್ಸ ಇದೆ" ಎಂದರು. ಶುಕ್ರವಾರ ಐದು ಗಂಟೆಗೆ ಅವರಿಗೆ ಬ್ಯಾಂಕಿನಲ್ಲಿ ಎಂದೂ ಕೆಲಸ ಇದ್ದದ್ದಿಲ್ಲ.

ಡಾಕ್ಟರು ಐದಕ್ಕೆ ಎರಡು ನಿಮಿಷ ಮುಂಚೆ ಬಂದರು. ನಮ್ಮಲ್ಲಿ ಫ್ರೇಮನ್ನು ಕಾಗದದಲ್ಲಿ ಸುತ್ತುವ ಮೊದಲು ಗಿರಾಕಿಗೆ ತೋರಿಸಬೇಕು. ಆ ಕೆಲಸ ಅಂಕಲ್ ಅವರದು. ಅವತ್ತು ನಾನೇ ಎತ್ತಿ ಕೌಂಟರಿಗೆ ಆನಿಸಿ ನಿಲ್ಲಿಸಿದೆ. ನನ್ನ ಬೆರಳಿನ ಗುರುತು ಹೊಸ ಗಾಜಿನ ಮೇಲೆ ಮೂಡಿತು. ಅದನ್ನು ಒರೆಸಿದೆ.

"ನಾ ಏನ ಹೇಳಿದ್ದೆ?"

"ಮುಚ್ಚು ಅಂದಿದ್ರಿ."

"ಮತ್ತ?"

"ಮುಚ್ಚಿಲ್ರಿ."

"ಶೇಷಾದ್ರಿಯವರ ಎಲ್ಲಿ?"

"ಬ್ಯಾಂಕಿಗೆ ಹೋಗ್ಯಾರ್ರಿ."

ಅವರು ಗೋಡೆಯ ಗಡಿಯಾರ ನೋಡಿದರು. "ಇನ್ನೊಂದು ಮಾಡವಾ. ನಾ ಕುಂದರ್ತೀನಿ."

"ಈ ಬಣ್ಣದ ರಟ್ಟು ಇಲ್ರಿ ಅಂಕಲ್. ಬುಧವಾರ ಬರ್ತೈತಿ."

"ಬುಧವಾರ ತಗೊಂಡು ಏನ ಮಾಡ್ಲಿ? ಬ್ಯಾರೆ ಬಣ್ಣದ್ದು ಹಾಕು. ಕರೇದು ಹಾಕು."

ಕಪ್ಪು ರಟ್ಟು ಇತ್ತು. ಅದು ಅವರ ಹಿಂದೆಯೇ ಕಪಾಟಿನಲ್ಲಿ ಕಾಣುತ್ತಿತ್ತು. ನಾನು ಹೋಗಿ ತೆಗೆದುಕೊಂಡು ಬರಬೇಕಿತ್ತು. ಹೋಗಲಿಲ್ಲ. ಶಾಲೆಯಲ್ಲಿ ಬುಧವಾರ ಎದ್ದು ನಿಂತಾಗ ಆಗುತ್ತಿದ್ದ ಹಾಗೆ ಕಿವಿಯೊಳಗೆ ಬಿಸಿಯಾಯಿತು.

"ಮುಚ್ಚಿದ್ರ ಹುಡುಗ ಕುಡದಾನ ಅನಸ್ತೈತ್ರಿ ಅಂಕಲ್" ಎಂದೆ. "ಅಂವ ಕುಡದಿಲ್ರಿ. ಅವರಪ್ಪ ಎಳ್ಯಾಕತ್ತಾನ."

ಗೋಡೆಯ ಆಚೆ ಯಾರೂ ಎಣಿಸುತ್ತಿರಲಿಲ್ಲ. ಡಾಕ್ಟರು ಚಿತ್ರವನ್ನು ನೋಡಿದರು. ಒಮ್ಮೆ ಅಂಗೈಯನ್ನು ಎತ್ತಿ ಎಡಭಾಗವನ್ನು ಮುಚ್ಚಿ ನೋಡಿದರು. ಕೈ ತೆಗೆದರು. ಮತ್ತೆ ಮುಚ್ಚಿದರು. ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡುವವರ ಹಾಗೆ, ಯಾವ ಅವಸರವೂ ಇಲ್ಲದೆ.

"ಎಷ್ಟು ಜೋರಾಗಿ ಎಳ್ಯಾಕತ್ತಾನ ನೋಡು" ಎಂದರು ಕೊನೆಗೆ. "ತೋಳು ಕೀಲು ತಪ್ಪತೈತಿ ಹಿಂಗ ಎಳದ್ರ."

ನಾನು ಸುತ್ತುವ ಕಾಗದ ತೆಗೆದಿಟ್ಟೆ. ನನ್ನ ಆ ದಿನದ ಮಾತು ಆಗಲೇ ಮುಗಿದಿತ್ತು.

"ಓದಿದ್ದು ಎಲ್ಲೀತನಕವಾ ನೀನು?"

"ಹನ್ನೊಂದನೇತ್ತಾ, ಅರ್ಧಕ್ಕ ಬಿಟ್ಟೆ ರೀ."

"ನಿಮ್ಮಪ್ಪ ಏನಂದ?"

"ಬೈದ್ರು. ಆಮೇಲೆ ಬೀನ್ಸ್ ಹೆಚ್ಚು ಅಂದ್ರು."

ಡಾಕ್ಟರು ತಲೆ ಅಲ್ಲಾಡಿಸಿದರು. ಬೈದದ್ದಕ್ಕೋ ಬೀನ್ಸ್‌ಗೋ ತಿಳಿಯಲಿಲ್ಲ. ಕಾಗದದಲ್ಲಿ ಸುತ್ತಲು ಬಿಡಲಿಲ್ಲ. ಟವೆಲ್‌ನಲ್ಲಿ ಸುತ್ತಿಕೊಂಡು ಹೋದರು. ಅದನ್ನು ಮನೆಗೆ ಒಯ್ಯುತ್ತಾರೋ, ಹಾದಿಯಲ್ಲಿ ಎಲ್ಲಾದರೂ ಇಳಿಸಿ ಹೋಗುತ್ತಾರೋ ನನಗೆ ಹೇಳಲು ಬರುತ್ತಿರಲಿಲ್ಲ. ಅಂಕಲ್ ಐದೂವರೆಗೆ ಬ್ಯಾಂಕಿನಿಂದ ಬಂದು, "ಏನಂದ್ರು?" ಎಂದು ಕೇಳಿದರು. "ತೋಳು ಕೀಲು ತಪ್ಪತೈತಿ ಅಂದ್ರು" ಎಂದೆ. ಅವರು ತಮ್ಮ ಎದೆಯನ್ನು ಒಮ್ಮೆ ಮುಟ್ಟಿಕೊಂಡರು.

ಸೋಮವಾರ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಚಳಿ ಇತ್ತು, ತೆಳು ಬಿಸಿಲು. ಹನ್ನೆರಡೂವರೆಗೆ ಡಾಕ್ಟರ ಕಾರು ಬಂದು ನಮ್ಮ ಕಿಟಕಿಯ ಮುಂದೆಯೇ ನಿಂತಿತು. ನಾನು ಗಾಜು ಒರೆಸುವ ಬಟ್ಟೆ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದೆ. ಮುಂದಿನ ಸೀಟಿನಿಂದ ಅಕ್ಷರಾ ಇಳಿದಳು. ಹಿಂದಿನಿಂದ ಅವಳ ಅಮ್ಮ ಗುರುದೇವಿ ಆಂಟಿ, ತೊಡೆಯ ಮೇಲೆ ಇಟ್ಟುಕೊಂಡಿದ್ದ ದೊಡ್ಡ ಸ್ಟೀಲ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿದರು. ಡಾಕ್ಟರು ಡ್ರೈವರ್ ಸೀಟಿನಲ್ಲೇ ಸ್ವಲ್ಪ ಹೊತ್ತು ಕೂತಿದ್ದರು.

ಅಕ್ಷರಾ ಒಬ್ಬಳೇ ಒಳಗೆ ಬಂದಳು. ಬಾಟಲಿ ತಂದಿದ್ದಳು, ಆದರೆ ಅದು ತುಂಬಿತ್ತು.

"ಶನಿವಾರ ಕೆಳಗ ಇಳದು ಬಂದೆ" ಎಂದಳು. "ಮೆಟ್ಟಿಲ ಮುಂದ ಆ ಚಿತ್ರ. ಅಪ್ಪ ಅದರ ಪಕ್ಕ ಸೋಫಾದಾಗ ಪೇಪರ್ ಹಿಡಕೊಂಡು ಕೂತಾರ. ಪೇಪರ್ ಉಲ್ಟಾ ಇರಲಿಲ್ಲ, ಅಷ್ಟ. ನಾ ಪೂರ್ತಿ ನೋಡ್ದೆ. ಹೆಸರು ಓದ್ದೆ. ನಂಗ ನಗು ಬಂತು, ನೀಲಾ, ತಡಕೊಳ್ಳಾಕ ಆಗಲಿಲ್ಲ. ಅವರು ಸುಮ್ಮನ. ಆಮೇಲೆ ನಾ ಅಂದೆ, 'ಡ್ಯಾಡ್, ಆ ಫ್ಯಾಟ್ ಗೈ ಬಗಲಾಗ ಇರೋದು ಏನು?'"

"ಏನಂದ್ರು?"

"'ಎನಿಮಾ.'"

ಇಪ್ಪತ್ತೇಳು ದಿನಗಳ ನಂತರ ಡಾಕ್ಟರ್ ಶರಣಪ್ಪ ಮಗಳ ಜೊತೆ ಆಡಿದ ಮೊದಲ ಮಾತು ಅದು.

"ಆಮೇಲೆ ಬೈಯಾಕ ಶುರು ಮಾಡಿದ್ರು" ಎಂದಳು ಅಕ್ಷರಾ. "ಎರಡು ತಾಸು. ಕಾಲೇಜ್, ಫೀ, ನನ್ನ ಸ್ಲೀಪಿಂಗ್, ಐದನೇ ಗ್ರೇಡ್‌ನಾಗ ಬಿಟ್ಟ ಪಿಯಾನೊ, ಎಲ್ಲಾ. ನಡುವ ಅಮ್ಮ ಚಾ ಮಾಡಿ ಕೊಟ್ಲು. ನಾ ಹೋಗ್ತೀನಿ ಅಂದೆ. ಹೋಗು ಅಂತ ಅಂದಿಲ್ಲ. ಆದ್ರ ನಿನ್ನೆ ನಾ ಟೈರ್‌ಗೆ ಗಾಳಿ ಹಾಕೋ ಮುಂದ ಬಂದು ನಿಂತು, ಎಷ್ಟು ಹಾಕ್ಬೇಕು ಅಂತ ಕೇಳಿದ್ರು. ನನ್ನನ್ನ."

ಹೊರಗೆ ವ್ಯಾನ್ ಬಂತು. ಪಕ್ಕದ ಬಾಗಿಲಿನಿಂದ ಸಾರ್ಜೆಂಟಮ್ಮ ಹೊರಬಂದಳು. ತೆಳ್ಳಗಿನ ಹೆಂಗಸು, ಹೊಟ್ಟೆಯೂ ಇಲ್ಲ, ರಿಬ್ಬನ್ನೂ ಇಲ್ಲ, ಕೈಯಲ್ಲಿ ಒಂದು ಪಟ್ಟಿ. ಗುರುದೇವಿ ಆಂಟಿ ಡಬ್ಬಿಯನ್ನು ಅವಳ ಮುಂದೆ ಹಿಡಿದು ಏನೋ ಹೇಳಿದರು. ಸಾರ್ಜೆಂಟಮ್ಮ ನಯವಾಗಿ ತಲೆ ಅಲ್ಲಾಡಿಸಿದಳು. ಆಂಟಿ ಮುಚ್ಚಳ ತೆಗೆದು ತೋರಿಸಿದರು, ಒಳಗೆ ಆಯುಧ ಇಲ್ಲ ಎನ್ನುವ ಹಾಗೆ. ಸಾರ್ಜೆಂಟಮ್ಮ ಮತ್ತೆ ತಲೆ ಅಲ್ಲಾಡಿಸಿದಳು. ಊಟ ತೆಗೆದುಕೊಂಡು ಹೋಗುವ ಹಾಗಿಲ್ಲ.

ಅಕ್ಷರಾ ನನ್ನ ಭುಜ ಮುಟ್ಟಿ ಹೊರಗೆ ಹೋದಳು. ನಾನು ಅದೇ ಜಾಗದ ಗಾಜನ್ನು ಒರೆಸುತ್ತಲೇ ಇದ್ದೆ. ಡಾಕ್ಟರು ಈಗ ಕಾರಿನಿಂದ ಇಳಿದು ಮಗಳ ಬ್ಯಾಗ್ ಹಿಡಿದುಕೊಂಡಿದ್ದರು. ಅದು ಚಿಕ್ಕ ಬ್ಯಾಗು. ಹತ್ತು ವಾರಕ್ಕೆ ಅಷ್ಟೇ ಸಾಕಂತೆ. ಅವರು ಸಾರ್ಜೆಂಟಮ್ಮನಿಗೆ ಏನೋ ಕೇಳಿದರು. ಅವಳು ಉತ್ತರಿಸಿದಳು. ಮತ್ತೊಂದು ಕೇಳಿದರು. ಅವಳು ಗಡಿಯಾರ ನೋಡಿ ಅದಕ್ಕೂ ಉತ್ತರಿಸಿದಳು. ಅಕ್ಷರಾ ಇಬ್ಬರ ನಡುವೆ ನಿಂತಿದ್ದಳು, ಕೈ ಎರಡೂ ಜಾಕೆಟ್ಟಿನ ಜೇಬಿನಲ್ಲಿ. ಯಾರೂ ಅವಳನ್ನು ಮುಟ್ಟಿರಲಿಲ್ಲ.

ಆಮೇಲೆ ಅವಳು ಒಂದು ಕೈ ಹೊರತೆಗೆದು ಬ್ಯಾಗಿಗೆ ಚಾಚಿದಳು. ಡಾಕ್ಟರು ತಕ್ಷಣ ಕೊಡಲಿಲ್ಲ. ಅದರ ಪಟ್ಟಿ ತಿರುಚಿಕೊಂಡಿತ್ತು. ಅದನ್ನು ನಿಧಾನವಾಗಿ ನೆಟ್ಟಗೆ ಮಾಡಿದರು, ಕೊಂಡಿ ಎಳೆದು ನೋಡಿದರು, ಕೊಟ್ಟರು.

ವ್ಯಾನ್ ಹೋದ ಮೇಲೆ ಇಬ್ಬರೂ ನಮ್ಮ ಅಂಗಡಿಗೆ ಬಂದರು, ಬೇರೆಲ್ಲಿಗೆ ಹೋಗಬೇಕೆಂದು ಹೊಳೆಯದವರ ಹಾಗೆ. ಆಂಟಿ ಡಬ್ಬಿಯನ್ನು ಕೌಂಟರ್ ಮೇಲಿಟ್ಟರು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ನಾಲ್ಕು ಜನರಿಗೆ ಮೂರು ದಿನ ಆಗುವಷ್ಟು.

"ಮನೀಗೆ ವಾಪಸ್ ಒಯ್ಯಾಂಗಿಲ್ಲ ನಾನು" ಎಂದರು ಆಂಟಿ. "ತಾಟ ತಗದಿಡವಾ ನೀಲಾ, ಎಲ್ಲಾರೂ ಇಲ್ಲೇ ಉಣ್ಣೂಣು."

ಅಂಕಲ್ ಎಣ್ಣೆಗಾಯಿಯ ಮೇಲೆ ನಿಂತ ಎಣ್ಣೆಯನ್ನು ನೋಡಿ ಡಾಕ್ಟರನ್ನು ನೋಡಿದರು. "ತಿನ್ಬಹುದಾ ಡಾಕ್ಟ್ರೇ?"

"ಇವತ್ತ ತಿನ್ರಿ."

ನಾನು ಮೇಜಿನ ಮೇಲಿದ್ದ ರಟ್ಟಿನ ತುಂಡುಗಳನ್ನು ಸರಿಸಿ ತಟ್ಟೆ ಇಟ್ಟೆ. ಅವುಗಳಲ್ಲಿ ಆ ಚಿತ್ರಕ್ಕೆ ಕತ್ತರಿಸಿದಾಗ ಬಿದ್ದ ಕೆನೆಬಣ್ಣದ ತುಂಡೂ ಇತ್ತು. ಡಾಕ್ಟರು ರೊಟ್ಟಿ ಮುರಿದರು, ತಿನ್ನಲಿಲ್ಲ.

"ಆ ಕಂದು ಗೆರಿ ಐತೆಲ್ಲ" ಎಂದರು ನನಗೆ. "ಆ ಹುಡುಗನ ಮಣಿಕಟ್ಟಿನ ಮ್ಯಾಲ. ಅದು ಹೋಗತೈತೇನು?"

"ನೀರಿನ್ಯಾಗ ತೊಳದ್ರ ಹೋಗಬಹುದ್ರಿ. ಬಣ್ಣಾನೂ ಹೋಗಬಹುದು."

ಅವರು ಸ್ವಲ್ಪ ಯೋಚಿಸಿ, "ಇರಲಿ" ಎಂದರು. "ಹತ್ತು ವಾರಕ್ಕ ಫೋಟೊ ಕಳಿಸ್ತಾರಂತ, ಯೂನಿಫಾರ್ಮಿನ್ಯಾಗ. ಆ ಹೆಣ್ಮಗಳು ಹೇಳಿದ್ಲು. ಹತ್ತು ಇಂಚು ಬೈ ಎಂಟು. ಅದಕ್ಕೊಂದು ಮಾಡಿಡು."

"ಫೋಟೊ ಬಂದ ಮ್ಯಾಲ ಮಾಡ್ತೀನ್ರಿ ಅಂಕಲ್. ನೋಡದ ಅಳತಿ ತಗೊಳಂಗಿಲ್ಲ."

ಡಾಕ್ಟರು ನನ್ನನ್ನು ನೋಡಿದರು, ಆಮೇಲೆ ಶೇಷಾದ್ರಿ ಅಂಕಲ್ ಅವರನ್ನು. ಅಂಕಲ್ ಎರಡನೆಯ ರೊಟ್ಟಿಗೆ ಕೈ ಹಾಕಿದ್ದರು. "ಅಳತೆ ವಿಷಯ ಎಲ್ಲಾ ಅವಳದೇ ಡಾಕ್ಟ್ರೇ" ಎಂದರು.

ಗೋಡೆಯ ಆಚೆ ಯಾರೋ ಹೊಸಬರು ದಂಡ ಹೊಡೆಯಲು ಶುರುಮಾಡಿದ್ದರು. ಎಣಿಕೆ ಏಳಕ್ಕೆ ನಿಂತಿತು. ಡಾಕ್ಟರು ರೊಟ್ಟಿ ಹಿಡಿದು ಕಾಯ್ದರು. ಎಂಟು ಎಂದು ಕೇಳಿಸಿದ ಮೇಲೆ ತಿಂದರು.